ಬಾದಾಮಿಯ ಕೆಂಪು, ಕ್ಯಾಮೆರಾದ ಕೆಂಪು

ಪ್ರವಾಸ ಮುಗಿಸಿ ಬಂದವರ ಮನೆಗೆ ಹೋಗುವುದೆಂದರೆ ನನಗೆ ಈಗೀಗ ಸ್ವಲ್ಪ ಅಳುಕು. ಕಾಫಿ ಬರುತ್ತದೆ, ಚಕ್ಕುಲಿ ಬರುತ್ತದೆ, ಹಿಂದೆಯೇ ಫೋಟೋಗಳೂ ಬರುತ್ತವೆ. ಹಿಂದೆಲ್ಲ ಮೂವತ್ತಾರು ಫೋಟೋಗಳ ಒಂದು ಆಲ್ಬಮ್ ಕೈಗೆ ಕೊಡುತ್ತಿದ್ದರು. ತಿರುವಿಹಾಕಿ "ಚೆನ್ನಾಗಿ ಬಂದಿದೆ" ಎಂದರೆ ಮುಗಿಯುತ್ತಿತ್ತು. ಈಗ ಟಿ.ವಿ.ಗೆ ಜೋಡಿಸಿ ನಾನೂರು ಫೋಟೋ ತೋರಿಸುತ್ತಾರೆ. ಸಂಖ್ಯೆಯ ಬಗ್ಗೆ ನನ್ನ ತಕರಾರಿಲ್ಲ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವಳಿಗೆ ನಾನೂರು ಯಾವ ಲೆಕ್ಕ? ತಕರಾರು ಬಣ್ಣದ್ದು. ಆಗುಂಬೆಯ ಕಾಡು, ಕೊಡಗಿನ ಕಾಫಿತೋಟ, ಶಿರಸಿಯ ಅಡಿಕೆತೋಟ ಮೂರೂ ಒಂದೇ ಹಸಿರು. ಅದೂ ಎಂಥ ಹಸಿರು! ಮದುವೆಮನೆಯ ಬರ್ಫಿಗೆ ಹಾಕುತ್ತಾರಲ್ಲ, ಆ ಹಸಿರು. ಆಕಾಶವೋ, ನೀಲಿ ಅದ್ದಿ ತೆಗೆದ ಪಂಚೆ. ಮನೆಯವರ ಮುಖ ನೋಡಿದರೆ ಎಲ್ಲರಿಗೂ ಸಣ್ಣಗೆ ಜ್ವರ ಬಂದಂತೆ ಕೆಂಪು.

"ನಮ್ಮ ಕ್ಯಾಮೆರಾನೇ ಹಾಗೆ, ಬಣ್ಣ ಚೆನ್ನಾಗಿ ಹಿಡಿಯುತ್ತೆ" ಎನ್ನುತ್ತಾರೆ. ಬಣ್ಣ ಅದು ಹಿಡಿದದ್ದಲ್ಲ, ಹಚ್ಚಿದ್ದು ಎಂದು ಹೇಳಲು ಬಾಯಿ ತುದಿಗೆ ಬಂದರೂ ಅವರ ಚಕ್ಕುಲಿ ತಿನ್ನುತ್ತ ಹಾಗೆ ಹೇಳಲಾದೀತೆ? ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹಾಗೆಂದು ನಾನೇನೋ ದೊಡ್ಡ ಫೋಟೋಗ್ರಾಫರ್ ಎಂದು ತಿಳಿಯಬೇಡಿ. ಮಗ ಕೆಲಸಕ್ಕೆ ಸೇರಿದ ವರ್ಷ ಕೊಡಿಸಿದ ಕ್ಯಾಮೆರಾ ಒಂದು ಮನೆಯಲ್ಲಿತ್ತು. ನಮ್ಮವರು ಅದನ್ನು ಎರಡು ದಿನ ತಿರುಗಿಸಿ ನೋಡಿ, "ಇದಕ್ಕಿಂತ ಸ್ಕೂಟರ್ ಬಿಚ್ಚಿ ಜೋಡಿಸುವುದು ಸುಲಭ" ಎಂದು ಕಪಾಟಿನಲ್ಲಿಟ್ಟರು. ಅದು ನನ್ನ ಪಾಲಿಗೆ ಬಂತು. ಕಲಿತದ್ದೆಲ್ಲ ಹಾಳು ಮಾಡಿಯೇ ಕಲಿತದ್ದು. ಹಾಳು ಮಾಡಿದ್ದರಲ್ಲಿ ಒಂದನ್ನು ಮಾತ್ರ ಇವತ್ತಿಗೂ ಮರೆಯಲು ಆಗಿಲ್ಲ.

2019ರ ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯರನ್ನು ಬಾದಾಮಿ, ಐಹೊಳೆ, ಪಟ್ಟದಕಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಫೋಟೋದ ಜವಾಬ್ದಾರಿ ನನ್ನದು. ಹೊರಡುವ ಮುನ್ನ ಎಲ್ಲೋ ಓದಿಕೊಂಡಿದ್ದೆ: ಪ್ರವಾಸಕ್ಕೆ ಹೋಗುವವರು ಕ್ಯಾಮೆರಾದ ಬಣ್ಣವನ್ನು 'ವಿವಿಡ್' ಎಂಬಲ್ಲಿಗೆ ತಿರುಗಿಸಿಕೊಳ್ಳಬೇಕು, ಆಗ ಚಿತ್ರಗಳಿಗೆ ಜೀವ ಬರುತ್ತದೆ ಎಂದು. ಜೀವ ಬರುತ್ತದೆ ಎಂದ ಮೇಲೆ ಯಾರು ಬೇಡವೆನ್ನುತ್ತಾರೆ? ತಿರುಗಿಸಿಕೊಂಡೆ.

ಈ ವಿವಿಡ್ ಎಂದರೇನು ಎಂದು ಒಂದಿಷ್ಟು ಹೇಳಬೇಕು. ನಮ್ಮ ಮೇಷ್ಟರ ಭಾಷೆಯಲ್ಲೇ ಹೇಳುತ್ತೇನೆ. ಕ್ಯಾಮೆರಾದೊಳಗಿನ ಸೆನ್ಸರ್ ಬಹಳ ಪ್ರಾಮಾಣಿಕವಾದ ಮೌಲ್ಯಮಾಪಕ. ಬಿದ್ದ ಬೆಳಕಿಗೆ ಸರಿಯಾಗಿ ಅಂಕ ಕೊಡುತ್ತದೆ. ಬೆಳಕು ಎರಡರಷ್ಟಾದರೆ ಅಂಕವೂ ಎರಡರಷ್ಟು. ನಮ್ಮ ಕಣ್ಣಿನ ಲೆಕ್ಕ ಹಾಗಲ್ಲ. ಕತ್ತಲಕೋಣೆಯಲ್ಲಿ ಒಂದು ಹಣತೆಗೆ ಇನ್ನೊಂದು ಹಣತೆ ಸೇರಿದರೆ ಕಣ್ಣಿಗೆ ದೊಡ್ಡ ವ್ಯತ್ಯಾಸ. ಮಧ್ಯಾಹ್ನದ ಬಿಸಿಲಿಗೆ ಹಣತೆ ಸೇರಿದರೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಸೆನ್ಸರ್ ಕೊಟ್ಟ ಅಂಕಪಟ್ಟಿಯನ್ನು ಇದ್ದ ಹಾಗೇ ತೋರಿಸಿದರೆ ಚಿತ್ರ ಮಂಕಾಗಿ, ಕತ್ತಲಾಗಿ ಕಾಣುತ್ತದೆ. ಕ್ಯಾಮೆರಾ ಅದನ್ನು ತಿದ್ದಿ, ಕಡಿಮೆ ಅಂಕದವರಿಗೆ ಕೃಪಾಂಕ ಕೊಟ್ಟು ಮೇಲಕ್ಕೆತ್ತಿ, ಕಣ್ಣಿಗೆ ಒಪ್ಪುವ ಹಾಗೆ ಮಾಡುತ್ತದೆ. ಎಷ್ಟು ಅಂಕದವರಿಗೆ ಎಷ್ಟು ಎಂಬುದನ್ನು ಗೆರೆ ಎಳೆದು ತೋರಿಸಿದರೆ ಅದೇ ಟೋನ್ ಕರ್ವ್.

ಇಷ್ಟಕ್ಕೇ ನಿಲ್ಲುವುದಿಲ್ಲ. ಚಿತ್ರಕ್ಕೆ 'ಪಂಚ್' ಬರಲೆಂದು ಆ ಗೆರೆಯನ್ನು ಇನ್ನಷ್ಟು ಬಳುಕಿಸಿ ಇಂಗ್ಲಿಷಿನ ಎಸ್ ಅಕ್ಷರದಂತೆ ಮಾಡುತ್ತಾರೆ. ಆಗ ಸರಾಸರಿಗಿಂತ ಮೇಲಿರುವವರು ಇನ್ನೂ ಮೇಲೆ, ಕೆಳಗಿರುವವರು ಇನ್ನೂ ಕೆಳಗೆ. ನಡುವಿನವರ ನಡುವೆ ಅಂತರ ಹೆಚ್ಚಿ ಚಿತ್ರ ಎದ್ದು ಕಾಣುತ್ತದೆ, ನಿಜ. ಆದರೆ ಕೊನೆಯ ಬೆಂಚಿನ ಹತ್ತು ಜನ, ಅವರಲ್ಲಿ ಒಬ್ಬ ಎಂಟು ತೆಗೆದವನು, ಒಬ್ಬ ಹದಿನಾಲ್ಕು ತೆಗೆದವನು, ಎಲ್ಲರೂ ಒಟ್ಟಿಗೆ ಸೊನ್ನೆಯ ಹತ್ತಿರ ಹೋಗಿ ಬೀಳುತ್ತಾರೆ. ವಿವಿಡ್ ಮಾಡುವುದು ಇದನ್ನೇ, ಮೇಲಿಂದ ಬಣ್ಣವನ್ನೂ ಒಂದು ಸೌಟು ಜಾಸ್ತಿ ಬಡಿಸುತ್ತದೆ.

ಇನ್ನು ಬಾದಾಮಿಗೆ ಬನ್ನಿ. ಅಲ್ಲಿಯ ಗುಹಾಲಯಗಳು ದಕ್ಷಿಣದ ಗುಡ್ಡದಲ್ಲಿವೆ, ಮುಖ ಉತ್ತರಕ್ಕೆ. ಡಿಸೆಂಬರಿನ ಸೂರ್ಯ ಗುಡ್ಡದ ಹಿಂದುಗಡೆ ಇರುತ್ತಾನೆ. ಒಳಗೆ ತಂಪಾದ, ಹದವಾದ ನೆರಳು. ಹೊರಗೆ ಊರು, ಅಗಸ್ತ್ಯತೀರ್ಥದ ನೀರು, ಆಚೆಯ ಕೆಂಪು ಗುಡ್ಡ ಎಲ್ಲ ಬಿಸಿಲಲ್ಲಿ ಮಿಂಚುತ್ತಿರುತ್ತವೆ. ಮೂರನೆಯ ಗುಹೆಯನ್ನು ಮಂಗಳೇಶ ಕ್ರಿ.ಶ. 578ರಲ್ಲಿ ಪೂರೈಸಿದ ಎಂದು ಅಲ್ಲಿಯ ಶಾಸನವೇ ಹೇಳುತ್ತದೆ. ಅದರ ಪಡಸಾಲೆಯ ಕಂಬಗಳ ನಡುವೆ ಹುಡುಗಿಯರನ್ನು ನಿಲ್ಲಿಸಿ, ಹಿಂದೆ ಕೆರೆ ಕಾಣಲಿ, ನೀಲಿ ಆಕಾಶ ಕಾಣಲಿ ಎಂದು ಒಳಗಿನಿಂದ ಹೊರಗೆ ನೋಡಿ ಕ್ಲಿಕ್ಕಿಸಿದೆ. ಕ್ಯಾಮೆರಾದ ಹಿಂದಿನ ಪರದೆ ನೋಡಲು ಎಲ್ಲರೂ ಮುಗಿಬಿದ್ದರು. ಆಕಾಶ ಗಾಢ ನೀಲಿ, ಗುಡ್ಡ ಬೆಂಕಿ ಕೆಂಪು, ಕ್ಯಾಲೆಂಡರಿನ ಹಾಗೆ. ಹುಡುಗಿಯರ ಮುಖಗಳು ಕಂದಿದ್ದವು, ಆದರೂ ಗುರುತು ಸಿಗುತ್ತಿತ್ತು. ತುದಿಯಲ್ಲಿ ನಿಂತವಳದು ಮಾತ್ರ ಮುಖವೇ ಇರಲಿಲ್ಲ. ಎರಡು ಜಡೆ, ರಿಬ್ಬನ್ನು, ಯೂನಿಫಾರ್ಮು, ನಡುವೆ ಒಂದು ಕಪ್ಪು. ನಕ್ಕಿದ್ದಳಾದ್ದರಿಂದ ಹಲ್ಲು ಕಾಣುತ್ತಿತ್ತು.

ಒಬ್ಬಳು ಏನೋ ಅಂದಳು. ಏನೆಂದು ನಾನು ಬರೆಯುವುದಿಲ್ಲ. ನಿಮ್ಮಲ್ಲಿ ಕಪ್ಪಗಿರುವ ಹೆಣ್ಣುಮಕ್ಕಳನ್ನು ಹೆತ್ತವರಿಗೆ, ಅಥವಾ ನನ್ನ ಹಾಗೆ ಸ್ವತಃ ಕಪ್ಪಗಿದ್ದು ಬೆಳೆದವರಿಗೆ, ಅದು ಹೇಳದೆಯೇ ಗೊತ್ತು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಗದರಿಸಿದೆ, ಗದರಿಸಿದರೆ ಏನು ಬಂತು? ಆಮೇಲೆ ಫೋಟೋಗೆ ಕರೆದಾಗಲೆಲ್ಲ ಅವಳಿಗೆ ನೀರು ಕುಡಿಯಬೇಕಾಗುತ್ತಿತ್ತು, ಚಪ್ಪಲಿಯ ಪಟ್ಟಿ ಸರಿಮಾಡಬೇಕಾಗುತ್ತಿತ್ತು.

ಜೊತೆಗಿದ್ದ ಟೀಚರೊಬ್ಬರು ಒಳ್ಳೆಯ ಮನಸ್ಸಿನವರು. "ಬಾ ಪುಟ್ಟಿ, ನನ್ನ ಮೊಬೈಲಿನಲ್ಲಿ ಚೆನ್ನಾಗಿ ಬರುತ್ತೆ" ಎಂದು ಎಳೆದುಕೊಂಡು ಹೋಗಿ ತೆಗೆದರು. ಮುಖ ನುಣ್ಣಗೆ ಮಾಡುವ, ಬೆಳ್ಳಗೆ ಮಾಡುವ ಸೌಕರ್ಯ ಇದ್ದ ಮೊಬೈಲು ಅದು. ಚಿತ್ರದಲ್ಲಿ ಒಬ್ಬ ಹುಡುಗಿ ಇದ್ದಳು, ಗೋಧಿಬಣ್ಣದವಳು, ಕೆನ್ನೆಗೆ ಮೇಣ ಸವರಿದಂತಿದ್ದವಳು. ಇವಳು ಅದನ್ನು ನೋಡಿ, "ಯಾರೋ ಇದ್ದ ಹಾಗಿದೆ ಮಿಸ್" ಎಂದಳು. ಅವಳು ಮೊಬೈಲ್ ಹಿಂದಕ್ಕೆ ಕೊಟ್ಟ ರೀತಿಯನ್ನು ನೋಡಿದ ಮೇಲೆ ನನಗೆ ಅಂದಿನ ಊಟ ರುಚಿಸಲಿಲ್ಲ.

ರಾತ್ರಿ ಲಾಡ್ಜಿನಲ್ಲಿ ಹುಡುಗಿಯರು ಮಲಗಿದ ಮೇಲೆ ಕ್ಯಾಮೆರಾ ಹಿಡಿದು ಕುಳಿತೆ. ಯಾಕೆ ಹೀಗಾಯಿತು? ಹೊರಗಿನ ಬಿಸಿಲನ್ನು ಲೆಕ್ಕಕ್ಕೆ ಹಿಡಿದು ಕ್ಯಾಮೆರಾ ಬೆಳಕನ್ನು ಕಡಿಮೆ ಮಾಡಿಕೊಂಡಿತ್ತು, ಸರಿ. ನೆರಳಿನ ಮುಖಗಳೆಲ್ಲ ಕೆಳಗಿನ ಅಂಕಗಳಿಗೆ ಇಳಿದವು. ಅದರ ಮೇಲೆ ನನ್ನ ವಿವಿಡ್ ಬಂದು ಕೆಳಗಿನವರನ್ನು ಇನ್ನೂ ಕೆಳಕ್ಕೆ ತುಳಿಯಿತು. ಬೆಳ್ಳಗಿನವರು ಹೇಗೋ ಪಾಸಾದರು. ಮೈಬಣ್ಣ ಗಾಢವಾಗಿದ್ದವಳ ಹಣೆ, ಕೆನ್ನೆ, ಗಲ್ಲಗಳ ನಡುವೆ ಇದ್ದ ಸೂಕ್ಷ್ಮವಾದ ಏರಿಳಿತಗಳೆಲ್ಲ ಸೊನ್ನೆಯಲ್ಲಿ ಸೇರಿಹೋದವು. ಆಕಾಶ ನೀಲಿಯಾಗಿ ಬರಲೆಂದು ಒಂದು ಮಗುವಿನ ಮುಖವನ್ನು ಕೊಟ್ಟುಬಿಟ್ಟಿದ್ದೆ. ಕ್ಯಾಮೆರಾ ಕೊಟ್ಟದ್ದಲ್ಲ, ನಾನು ಕೊಟ್ಟದ್ದು. ಗುಂಡಿ ತಿರುಗಿಸಿದವಳು ನಾನು.

ಈ ಅಂಕದ ಲೆಕ್ಕ ಹೊಸದೇನಲ್ಲ. ಇದೇ ಬಾದಾಮಿಯನ್ನು ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ 1855ರಲ್ಲೇ ಕ್ಯಾಮೆರಾದಲ್ಲಿ ಹಿಡಿದಿದ್ದ. ಅವನ ಕಾಲದ ಕಾಗದದ ನೆಗೆಟಿವ್‌ಗೆ ನೀಲಿ ಬೆಳಕು ಚೆನ್ನಾಗಿ ತಾಕುತ್ತಿತ್ತು, ಕೆಂಪು ತಾಕುತ್ತಲೇ ಇರಲಿಲ್ಲ. ಹಾಗಾಗಿ ಆ ಕಾಲದ ಚಿತ್ರಗಳಲ್ಲಿ ಆಕಾಶ ಬರಿಯ ಬಿಳಿ, ಕೆಂಪುಕಲ್ಲು ಕಪ್ಪು. ಅದು ರಾಸಾಯನಿಕದ ಮಿತಿ, ಅವನಿಗೆ ಬೇರೆ ದಾರಿ ಇರಲಿಲ್ಲ ಎನ್ನೋಣ. ಆಮೇಲೆ ಬಣ್ಣದ ಫಿಲ್ಮ್ ಬಂದಾಗಿನ ಕಥೆ ಬೇರೆ. ಪ್ರಿಂಟಿನ ಬಣ್ಣ ಸರಿಯಾಗಿದೆಯೇ ಎಂದು ಹೋಲಿಸಿ ನೋಡಲು ಕೊಡಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಅದರಲ್ಲಿ ಬಿಳಿಯ ಮೈಬಣ್ಣದ ಹೆಣ್ಣುಮಗಳೊಬ್ಬಳು. ಮೊದಲ ರೂಪದರ್ಶಿಯ ಹೆಸರಿನಿಂದ ಅವಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರಾಯಿತು. ಶರ್ಲಿಯ ಚರ್ಮ ಸರಿಬಂದರೆ ಬಣ್ಣ ಸರಿ ಎಂದು ಲೆಕ್ಕ. ಕೆನಡಾದ ಲೋರ್ನಾ ರಾತ್ ಎಂಬ ವಿದ್ವಾಂಸೆ ಇದನ್ನು ಹುಡುಕಿ ತೆಗೆದು 2009ರಲ್ಲಿ ಬರೆದರು. ಕಪ್ಪು ಬಣ್ಣದ ಸೂಕ್ಷ್ಮಗಳು ಫಿಲ್ಮಿನಲ್ಲಿ ಬರುತ್ತಿಲ್ಲವೆಂದು ಗಟ್ಟಿಯಾಗಿ ದೂರಿದವರು ಮರದ ಪೀಠೋಪಕರಣದವರು ಮತ್ತು ಚಾಕೊಲೇಟಿನವರಂತೆ. ಅವರ ಜಾಹೀರಾತಿನಲ್ಲಿ ಒಂದು ಮರಕ್ಕೂ ಇನ್ನೊಂದು ಮರಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಮನುಷ್ಯರ ಮುಖಕ್ಕೆ ಆಗದ ಸುಧಾರಣೆ ಚಾಕೊಲೇಟಿಗೆ ಆಯಿತು ಎಂದು ಓದಿದಾಗ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಮದುವೆಯ ಆಲ್ಬಮ್ಮಿನಲ್ಲಿ ನಾನು ಯಾಕೆ ಹಾಗಿದ್ದೇನೆ ಎಂದು ಅಂದು ಸ್ವಲ್ಪ ಅರ್ಥವಾಯಿತು. ಸೋದರತ್ತೆ ಅದನ್ನು ನೋಡಿದಾಗಲೆಲ್ಲ ಅರಿಸಿನ ಕಡಿಮೆ ಹಚ್ಚಿದ್ದೆಂದು ನನ್ನ ತಾಯಿಯನ್ನೇ ದೂರುತ್ತಿದ್ದಳು, ಪಾಪ.

ಕೊಡಕ್ ರೋಲಿನ ಕಾಲದಲ್ಲಿ ಒಮ್ಮೆ ಫಿಲ್ಮ್ ಹಾಕಿದರೆ ಮೂವತ್ತಾರು ಚಿತ್ರಕ್ಕೂ ಅದೇ ಗತಿ. 1990ರಲ್ಲಿ ಫ್ಯೂಜಿಯವರ ವೆಲ್ವಿಯಾ ಎಂಬ ಸ್ಲೈಡ್ ಫಿಲ್ಮ್ ಬಂತು. ಹಸಿರು ಕೆಂಪುಗಳನ್ನು ಹೊಳೆಯಿಸುವುದರಲ್ಲಿ ಅದಕ್ಕೆ ಸಾಟಿ ಇರಲಿಲ್ಲ, ಬೆಟ್ಟಗುಡ್ಡ ತೆಗೆಯುವವರು ಅದಕ್ಕೆ ಮರುಳಾದರು. ಆದರೆ ಮನುಷ್ಯರಿಗೆ ಅದು ಹೇಳಿದ್ದಲ್ಲ ಎಂದು ಬಲ್ಲವರೆಲ್ಲ ಬಲ್ಲರು. ಈಗಿನ ಅವರ ಡಿಜಿಟಲ್ ಕ್ಯಾಮೆರಾಗಳಲ್ಲಿ ವೆಲ್ವಿಯಾ ಎಂಬ ಹೆಸರಿನ ಸೆಟ್ಟಿಂಗೇ ಇದೆ. ಕ್ಯಾನನ್ನಿನವರು 2005ರಿಂದ ಪಿಕ್ಚರ್ ಸ್ಟೈಲ್ ಎಂದು, ನಿಕಾನಿನವರು 2007ರಿಂದ ಪಿಕ್ಚರ್ ಕಂಟ್ರೋಲ್ ಎಂದು ಇಟ್ಟಿದ್ದಾರೆ. ಹೆಸರು ಬೇರೆ, ಸಾಮಾನು ಹೆಚ್ಚುಕಡಿಮೆ ಒಂದೇ: ಸ್ಟ್ಯಾಂಡರ್ಡ್, ಪೋರ್ಟ್ರೇಟ್, ಲ್ಯಾಂಡ್‌ಸ್ಕೇಪ್, ನ್ಯೂಟ್ರಲ್, ಹೀಗೆ. ಬೇಕೆಂದಾಗ ಬದಲಾಯಿಸಬಹುದು. ಒಂದು ಗುಡ್ಡಕ್ಕೆ ಒಂದು, ಒಂದು ಮುಖಕ್ಕೆ ಒಂದು. ಆದರೂ ನಾವು ಒಂದೇ ಮಸಾಲೆಯನ್ನು ಸಾರಿಗೂ ಪಾಯಸಕ್ಕೂ ಹಾಕುತ್ತಿದ್ದೇವೆ ಎನ್ನುವುದೇ ನನ್ನ ದೂರು.

ಬಣ್ಣವೇ ಬೇಡ ಎನ್ನುವವಳೂ ನಾನಲ್ಲ. ರಘುಬೀರ್ ಸಿಂಗ್ ಎಂಬ ದೊಡ್ಡ ಛಾಯಾಗ್ರಾಹಕರಿದ್ದರು, ಜೈಪುರದವರು, 1999ರಲ್ಲಿ ತೀರಿಕೊಂಡರು. ಭಾರತವನ್ನು ಕಪ್ಪುಬಿಳುಪಿನಲ್ಲಿ ನೋಡುವುದು ನಮ್ಮ ಕಣ್ಣಿನ ರೀತಿಯೇ ಅಲ್ಲ, ಬಣ್ಣ ನಮ್ಮ ಬದುಕಿನೊಳಗೇ ಇದೆ ಎಂದು ವಾದಿಸಿದವರು. 1967ರಲ್ಲಿ ಬಿಹಾರದಲ್ಲಿ ಅವರು ತೆಗೆದ ಒಂದು ಚಿತ್ರವಿದೆ: ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಒಬ್ಬರಿಗೊಬ್ಬರು ಆತುಕೊಂಡು ನಿಂತ ಹೆಂಗಸರು. ಬಣ್ಣದ ಚಿತ್ರವೇ, ಆದರೆ ಅಲ್ಲಿ ಬಣ್ಣ ಕಿರುಚುವುದಿಲ್ಲ. ಮೊದಲು ಕಾಣುವುದು ಒದ್ದೆ, ಆಮೇಲೆ ಅವರ ಚಳಿ, ಸೀರೆಯ ಬಣ್ಣ ಕೊನೆಗೆ. ಇತ್ತ ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಕಪ್ಪುಬಿಳುಪು ಚಿತ್ರಗಳನ್ನು ನೋಡಿ. ಹಳ್ಳಿಯ ಮಕ್ಕಳು, ಮುದುಕಿಯರು, ಶಾಲೆಗಳು. ನಮ್ಮ ಜನರ ಮೈಬಣ್ಣ ಕಪ್ಪಾಗದೆ, ಬಿಳುಚಿಕೊಳ್ಳದೆ, ಬೂದುಬಣ್ಣದ ಎಷ್ಟೊಂದು ಮೆಟ್ಟಿಲುಗಳಲ್ಲಿ ಬಂದಿದೆ! ಇಬ್ಬರ ದಾರಿ ಎದುರುಬದುರು. ಆದರೂ ಇಬ್ಬರ ಚಿತ್ರದಲ್ಲೂ ಮುಖ ಮುಖವಾಗಿಯೇ ಉಳಿಯುತ್ತದೆ. ಪ್ರವಾಸದ ಪೋಸ್ಟರುಗಳಲ್ಲಿ ಇಲ್ಲದಿರುವುದು ಇದೇ. ಅಲ್ಲಿ ಊರು ಬೆಳಗುತ್ತದೆ, ಊರಿನವರು ನೆರಳಾಗುತ್ತಾರೆ.

ಮರುದಿನ ಪಟ್ಟದಕಲ್ಲಿನಲ್ಲಿ ನಾನು ಕ್ಯಾಮೆರಾವನ್ನು ನ್ಯೂಟ್ರಲ್‌ಗೆ ತಿರುಗಿಸಿದೆ. ನ್ಯೂಟ್ರಲ್ ಎಂದರೆ ಪರಮ ಸತ್ಯ ಎಂದೇನೂ ಅಲ್ಲ, ಅದೂ ಒಂದು ಗೆರೆಯೇ, ಕಡಿಮೆ ಬಳುಕಿದ್ದು. ಮೊದಲ ನೋಟಕ್ಕೆ ಉಪ್ಪು ಕಡಿಮೆಯಾದ ಸಾರಿನಂತೆ ಇರುತ್ತದೆ, ನಿಜ. ಆದರೆ ವಿರೂಪಾಕ್ಷ ದೇವಾಲಯದ ಗೋಡೆಯನ್ನು ಅದರಲ್ಲಿ ನೋಡಿದಾಗ ಆ ಕಲ್ಲು ಒಂದೇ ಕೆಂಪಲ್ಲ ಎಂದು ತಿಳಿಯಿತು. ಒಂದೇ ಕಲ್ಲಿನಲ್ಲಿ ಇಟ್ಟಿಗೆಯ ಬಣ್ಣ, ಹುರಿದ ರವೆಯ ಬಣ್ಣ, ಹಳೆಯ ತಾಮ್ರದ ಬಿಂದಿಗೆಯ ಬಣ್ಣ, ಅಲ್ಲಲ್ಲಿ ನಸುನೇರಳೆ. ವಿವಿಡ್ ಇವೆಲ್ಲವನ್ನೂ ಕಲಸಿ ಒಂದೇ ಕುಂಕುಮ ಮಾಡಿತ್ತು. ಗುಡಿಯ ಅಂಗಳದಲ್ಲಿ ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟ ಅಜ್ಜಿಯೊಬ್ಬಳು ಕುಳಿತಿದ್ದಳು. ಕೇಳಿಕೊಂಡು ಎರಡು ಬಗೆಯಲ್ಲೂ ತೆಗೆದೆ. ವಿವಿಡ್‌ನಲ್ಲಿ ಖಣ ಒಂದು ಕೆಂಪು ಮುದ್ದೆ, ನೇಯ್ಗೆಯ ಚಿಕ್ಕ ಚಿಕ್ಕ ಬುಟ್ಟಾಗಳೇ ಇಲ್ಲ. ಕೆಂಪಿನ ಅಂಕ ನೂರಕ್ಕೆ ಮುಟ್ಟಿದ ಮೇಲೆ ಇನ್ನು ಹೆಚ್ಚು ಕಡಿಮೆ ಎಲ್ಲಿಂದ ಬರಬೇಕು? ನ್ಯೂಟ್ರಲ್‌ನಲ್ಲಿ ಬುಟ್ಟಾ ಒಂದೊಂದೂ ಎಣಿಸಬಹುದಿತ್ತು. ಮಗ್ಗದ ಮುಂದೆ ಕುಳಿತು ಅದನ್ನು ನೇಯ್ದವರ ಕಣ್ಣಿಗೆ ಇಷ್ಟಾದರೂ ಮರ್ಯಾದೆ ಬೇಡವೆ?

ಬಿಳಿಬಣ್ಣದ ಸಮತೋಲ, ಅಂದರೆ ವೈಟ್ ಬ್ಯಾಲೆನ್ಸ್ ಎನ್ನುವುದರ ಬಗ್ಗೆಯೂ ಒಂದು ಮಾತು. ಅದನ್ನು ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಒಬ್ಬ ಅತಿ ಅಚ್ಚುಕಟ್ಟಿನ ಸೊಸೆಯಂತೆ ಬೆಳಕಿನಲ್ಲಿರುವ ಬಣ್ಣವನ್ನೂ ಕೊಳೆಯೆಂದು ತಿಳಿದು ತೊಳೆಯಲು ಹೋಗುತ್ತದೆ. ಬಾದಾಮಿಯ ಭೂತನಾಥ ಗುಡಿಗೆ ಸಂಜೆ ಹೊಂಬಿಸಿಲು ಬೀಳುವಾಗ ಸೂರ್ಯನ ಗುರುತಿರುವ ಸೆಟ್ಟಿಂಗಿಗೆ ತಿರುಗಿಸಿಕೊಳ್ಳಿ, ಹೊನ್ನು ಹೊನ್ನಾಗಿಯೇ ಉಳಿಯುತ್ತದೆ. ಇಷ್ಟು ಸಾಕು.

ಇನ್ನೊಂದು ಉಪಾಯವನ್ನು ಮಗ ಫೋನಿನಲ್ಲಿ ಹೇಳಿಕೊಟ್ಟ: ರಾ ಎಂಬ ಬಗೆಯಲ್ಲೂ ಚಿತ್ರವನ್ನು ಉಳಿಸಿಕೊಳ್ಳುವುದು. ಅದು ರುಬ್ಬಿಟ್ಟ ಹಿಟ್ಟು. ಮನೆಗೆ ಬಂದು ದೋಸೆ ಬೇಕಾದರೆ ದೋಸೆ, ಇಡ್ಲಿ ಬೇಕಾದರೆ ಇಡ್ಲಿ. ವಿವಿಡ್ಡೋ ನ್ಯೂಟ್ರಲ್ಲೋ ಆಮೇಲೆ ನಿರ್ಧರಿಸಬಹುದು. ಜೆಪೆಗ್ ಎಂದರೆ ಹೊಯ್ದ ದೋಸೆ. ಅದನ್ನು ಮತ್ತೆ ಹಿಟ್ಟು ಮಾಡಲಾಗುವುದಿಲ್ಲ. ಬಾದಾಮಿಯಲ್ಲಿ ನಾನು ತೆಗೆದದ್ದು ಬರಿಯ ಜೆಪೆಗ್. ಆ ಕಪ್ಪನ್ನು ಕಂಪ್ಯೂಟರಿನಲ್ಲಿ ಎಷ್ಟು ಎತ್ತಿದರೂ ಮುಖ ಬರಲಿಲ್ಲ, ಬೂದಿಬಣ್ಣದ ಚುಕ್ಕೆಗಳು ಬಂದವು.

ವಿವಿಡ್ ಎಂದೂ ಬೇಡವೆಂದು ಶಪಥ ಮಾಡಿದ್ದೇನೆಯೇ ಎಂದರೆ ಇಲ್ಲ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದ ದಿನ, ಎಲ್ಲವೂ ಒಂದೇ ಮಂಕಾಗಿರುವಾಗ, ಮಂಜಿನಲ್ಲಿ ಮರಗಳು ಕರಗಿಹೋಗಿರುವಾಗ ಸ್ವಲ್ಪ ಬಳುಕಿದ ಗೆರೆ ಕೆಲಸಕ್ಕೆ ಬರುತ್ತದೆ. ಅಲ್ಲಿ ಬೆಳಕು ನೆರಳುಗಳ ನಡುವೆ ಅಂತರ ಕಡಿಮೆ, ಅದು ಹೆಚ್ಚಿದರೆ ಯಾರೂ ಕೆಳಗೆ ಬೀಳುವುದಿಲ್ಲ. ಸುಡುಬಿಸಿಲಿಗೆ, ಗುಹೆಗೆ, ಗುಡಿಯ ಒಳಗಣಕ್ಕೆ ಮಾತ್ರ ಬೇಡ. ನಮ್ಮ ಬಿಸಿಲೇ ಸಾಕಷ್ಟು ವಿವಿಡ್ಡು. ಊರಿನ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸುವಾಗಲೂ ಎಚ್ಚರ: ನಾವು ಹದವಾಗಿ ತಂದದ್ದಕ್ಕೆ ಅವರು ಮತ್ತೊಮ್ಮೆ ಒಗ್ಗರಣೆ ಹಾಕುತ್ತಾರೆ, ಕೇಳದೆಯೇ ಬೆಳ್ಳಗೂ ಮಾಡುತ್ತಾರೆ. "ಏನೂ ಮಾಡಬೇಡಪ್ಪ, ಇದ್ದ ಹಾಗೇ ಹಾಕು" ಎಂದಾಗ ನಮ್ಮೂರಿನ ಹುಡುಗ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಅವಳನ್ನು ಮತ್ತೆ ಫೋಟೋಗೆ ನಿಲ್ಲಿಸಿದ್ದು ಅದೇ ಪಟ್ಟದಕಲ್ಲಿನಲ್ಲಿ, ವಿರೂಪಾಕ್ಷ ಗುಡಿಯ ಮುಖಮಂಟಪದಲ್ಲಿ. ನಿಲ್ಲಿಸಿದ್ದು ಎನ್ನುವುದು ಸರಿಯಲ್ಲ. ಉಳಿದವರು ನಂದಿಯನ್ನು ನೋಡುತ್ತಿದ್ದರು, ಇವಳು ಕಂಬಕ್ಕೊರಗಿ ಕೂತು ನೋಟ್‌ಬುಕ್ಕಿನಲ್ಲಿ ಕಂಬದ ಬಳ್ಳಿಯನ್ನು ಬರೆದುಕೊಳ್ಳುತ್ತಿದ್ದಳು. "ಒಂದು ತೆಗೆಯಲಾ?" ಎಂದೆ. ಉತ್ತರ ಕೊಡಲಿಲ್ಲ, ಎದ್ದು ಹೋಗಲೂ ಇಲ್ಲ. ಅಂಗಳದ ಕೆಂಪುಕಲ್ಲಿನ ಮೇಲೆ ಬಿದ್ದ ಬಿಸಿಲು ಪುಟಿದು ಅವಳ ಮುಖದ ಮೇಲೆ ಬರುತ್ತಿತ್ತು. ಕಾಂಟ್ರಾಸ್ಟನ್ನು ಎರಡು ಮೆಟ್ಟಿಲು ಇಳಿಸಿದೆ, ಬೆಳಕನ್ನು ಅವಳ ಮುಖಕ್ಕೆ ಲೆಕ್ಕಹಾಕಿ ಹೆಚ್ಚಿಸಿದೆ. ಹಿಂದೆ ಕಂಬಗಳ ನಡುವೆ ಕಾಣುತ್ತಿದ್ದ ಆಕಾಶ ಇದರಿಂದ ಪೂರಾ ಬೆಳ್ಳಗಾಗಿಬಿಡುತ್ತದೆಂದು ಗೊತ್ತಿತ್ತು, ಆದರೂ ತೆಗೆದೆ.

ಜನವರಿಯಲ್ಲಿ ಪ್ರಿಂಟುಗಳನ್ನು ತರಗತಿಗೆ ತೆಗೆದುಕೊಂಡು ಹೋದೆ. ಗುಂಪಿನ ಚಿತ್ರಗಳಿಗೆ ಗಲಾಟೆಯೋ ಗಲಾಟೆ. ಬಾದಾಮಿಯ ಆ ಕ್ಯಾಲೆಂಡರ್ ಚಿತ್ರವನ್ನು ನಾನು ಹಾಕಿಸಿರಲಿಲ್ಲ, ಯಾರೂ ಕೇಳಲೂ ಇಲ್ಲ. ಅವಳದನ್ನು ಲಕೋಟೆಯಲ್ಲಿಟ್ಟು ಸ್ಟಾಫ್ ರೂಮಿಗೆ ಕರೆದು ಕೊಟ್ಟೆ. ತೆಗೆದು ನೋಡಿದಳು. ಬಹಳ ಹೊತ್ತು ನೋಡಿದಳು. ಮಳೆ ಬಿದ್ದ ಮಣ್ಣಿನ ಬಣ್ಣದ ಕೆನ್ನೆ, ಹಣೆಯ ಮೇಲೆ ಸ್ವಲ್ಪ ಬೆವರು, ಹುಬ್ಬಿನ ಪಕ್ಕದಲ್ಲಿ ಚಿಕ್ಕಂದಿನ ಒಂದು ಗಾಯದ ಗುರುತು.

"ನನ್ನ ಮೂಗುಬೊಟ್ಟು ಕಾಣಿಸ್ತಿದೆ ಮಿಸ್" ಎಂದಳು.

"ಹೂಂ."

"ಆಕಾಶ ಯಾಕೆ ಹೀಗೆ ಬೆಳ್ಳಗಾಗಿದೆ?"

ನಿನ್ನ ಮುಖ ಬರಬೇಕಾದರೆ ಅದು ಹೋಗಬೇಕಿತ್ತು ಎಂದು ಹೇಳಿದೆ. ಅವಳು ಒಂದು ಗಳಿಗೆ ಯೋಚಿಸಿದಳು.

"ಹೋದ್ರೆ ಹೋಗ್ಲಿ ಬಿಡಿ ಮಿಸ್" ಎಂದು ಚಿತ್ರವನ್ನು ಸಮಾಜವಿಜ್ಞಾನದ ಪುಸ್ತಕದೊಳಗಿಟ್ಟುಕೊಂಡು ತರಗತಿಗೆ ಓಡಿದಳು.